ಮರ್ಯಾದೆಯ ಕಾಯಿಲೆ

ನನಗಿರೋದು ಗ್ಯಾಸು ಅಂತ ಒಂದು ವರ್ಷಕ್ಕೂ ಮಿಕ್ಕಿ ನಂಬಿಕೊಂಡಿದ್ದೆ. ನಾನೊಬ್ಬಳೇ ಅಲ್ಲ. ನಮ್ಮನೆಯವರು ನಂಬಿದ್ದರು, ಸ್ಕೂಲಿನಲ್ಲಿ ಜೊತೆಯ ಟೀಚರುಗಳು ನಂಬಿದ್ದರು, ಗುಬ್ಬಿ ಬಸ್ ಸ್ಟ್ಯಾಂಡಿನ ಸೋಡಾ ಅಂಗಡಿಯವನಂತೂ ನಾನು ದೂರದಲ್ಲಿ ಬರೋದು ಕಂಡ ಕೂಡಲೇ ನಿಂಬೆಹಣ್ಣು ಕುಯ್ಯೋಕೆ ಶುರು ಮಾಡುತ್ತಿದ್ದ. ನಮ್ಮ ಕಡೆ ಗಂಟಲಿನಿಂದ ಹೊಕ್ಕಳ ತನಕ ಎಲ್ಲಿ ಏನಾದರೂ ಅದು ಗ್ಯಾಸೇ. ಬೆನ್ನು ಹಿಡಿದರೆ ಗ್ಯಾಸು, ತಲೆ ತಿರುಗಿದರೆ ಗ್ಯಾಸು, ಗಂಡ ಹೆಂಡತಿ ಮಾತು ಬಿಟ್ಟರೂ ಯಾರಾದರೊಬ್ಬರು ಜೀರಿಗೆ ಕಷಾಯ ಕುಡೀರಿ ಅಂತಾರೆ. ಕುಡಿದೆ. ಜೀರಿಗೆ, ಓಮ, ಇಂಗು, ಸೋಡಾ, ಎಲ್ಲಾ ಕುಡಿದೆ. ಹೊಟ್ಟೆ ಮಾತ್ರ ಬಲು ಚೆನ್ನಾಗಾಯಿತು. ಕಾಯಿಲೆ ಎಲ್ಲಿತ್ತೋ ಅಲ್ಲೇ ಇತ್ತು.

ಮೊದಲನೇ ಸಲ ಬಂದಿದ್ದು ಬಸ್ಸಿನಲ್ಲಿ. ನಮ್ಮ ಮನೆ ತುಮಕೂರಿನಲ್ಲಿ, ನಾನು ಪಾಠ ಮಾಡೋದು ಗುಬ್ಬಿಯ ಒಂದು ಪ್ರೈಮರಿ ಸ್ಕೂಲಿನಲ್ಲಿ. ಮಗಳು ಹುಟ್ಟುವುದಕ್ಕೆ ಮುಂಚಿನಿಂದ ಅದೇ ರೋಡಿನಲ್ಲಿ ಓಡಾಡುತ್ತಿದ್ದೇನೆ. ಅವತ್ತು ಸ್ಕೂಲು ಬಿಟ್ಟು ವಾಪಸು ಬರುವಾಗ ಕಿಟಕಿ ಪಕ್ಕದ ಸೀಟು ಬೇರೆ ಸಿಕ್ಕಿತ್ತು. ಮಗಳ ಮದುವೆ ಮುಗಿದಿತ್ತು, ಅವಳು ಕುಣಿಗಲ್ಲಿನಲ್ಲಿ ಅತ್ತೆಮನೆಯಲ್ಲಿ ಸುಖವಾಗಿದ್ದಳು, ಮನಸ್ಸಿನಲ್ಲಿ ರಾತ್ರಿಗೆ ಏನು ಸಾರು ಮಾಡೋದು ಅನ್ನೋದು ಬಿಟ್ಟರೆ ಬೇರೆ ಯೋಚನೆ ಇರಲಿಲ್ಲ. ಮಲ್ಲಸಂದ್ರ ದಾಟುತ್ತಿದ್ದ ಹಾಗೇ ಎದೆ ಹೊಡೆದುಕೊಳ್ಳೋಕೆ ಶುರುವಾಯಿತು. ಓಡಿ ಬಂದಾಗ ಹೊಡೆದುಕೊಳ್ಳುತ್ತಲ್ಲ, ಆ ಥರ ಅಲ್ಲ. ಒಳಗಿಂದ ಯಾರೋ ಬಾಗಿಲು ಬಡಿದ ಹಾಗೆ. ಬೆರಳುಗಳು ಜೋಮು ಹಿಡಿದವು, ತುಟಿ ಸುತ್ತ ಜುಮುಜುಮು. ಉಸಿರು ಎಳೆದಷ್ಟೂ ಸಾಲದು. ಮುಂದಿನ ಸೀಟಿನ ಕಂಬಿ ಕಣ್ಣೆದುರಿಗೇ ದೂರ ದೂರ ಹೋಗುತ್ತಿತ್ತು. ಸತ್ತೆ ಅಂದುಕೊಂಡೆ. ಅಂದುಕೊಳ್ಳೋದೇನು, ಖಾತ್ರಿಯಾಗಿ ಗೊತ್ತಿತ್ತು.

"ನಿಲ್ಸಿ" ಅಂತ ಕೂಗಿದೆ. ಕಂಡಕ್ಟರು, "ಇಲ್ಲಿ ಸ್ಟಾಪಿಲ್ಲ ಮೇಡಂ" ಅಂದ. "ನಿಲ್ಲುಸ್ತೀಯೋ ಇಲ್ವೋ!" ಅಂತ ಮೂರನೇ ಕ್ಲಾಸಿನ ಮಕ್ಕಳಿಗೆ ಗದರುವ ದನಿಯಲ್ಲಿ ಗದರಿದೆ. ಬಸ್ಸು ಗಕ್ಕಂತ ನಿಂತಿತು. ಇಳಿದು, ಒಂದು ತೆಂಗಿನ ತೋಟದ ಪಕ್ಕದ ಮೋರಿ ಕಟ್ಟೆ ಮೇಲೆ ಕೂತೆ. ಬಸ್ಸಿನವರೆಲ್ಲ ಕಿಟಕಿಯಿಂದ ಇಣುಕಿ ನೋಡುತ್ತಾ ಹೋದರು. ಸ್ವಲ್ಪ ಹೊತ್ತಿಗೆ ಎಲ್ಲಾ ನಿಂತುಹೋಯಿತು. ಕೈಕಾಲು ಸೋತು, ಸೀರೆ ಬೆವರಿನಲ್ಲಿ ತೊಯ್ದು, ಅಳು ಬರುತ್ತಿತ್ತು. ಇಳಿದೆನಲ್ಲ, ಅದಕ್ಕೇ ಬದುಕಿದೆ ಅನ್ನಿಸಿತು. ಆ ಒಂದು ಅನ್ನಿಸಿಕೆ ನನ್ನನ್ನು ಎಲ್ಲೆಲ್ಲಿಂದ ಇಳಿಸಿತು, ಎಲ್ಲೆಲ್ಲಿಂದ ಓಡಿಸಿತು ಅಂತ ಆಮೇಲೆ ಗೊತ್ತಾಯಿತು.

ಹಾರ್ಟಿನ ಡಾಕ್ಟರ ಹತ್ತಿರ ಹೋದೆವು. ಎದೆಗೆ ವೈರು ಅಂಟಿಸಿ ನೋಡಿದರು, ಸ್ಕ್ಯಾನು ಮಾಡಿದರು, ಓಡೋ ಮೆಷಿನ್ನಿನ ಮೇಲೆ ಓಡಿಸಿದರು. ಕೊನೆಗೆ, "ನಿಮಗೆ ಏನೂ ಇಲ್ಲ" ಅಂದರು. ಅಬ್ಬಾ, ಆ ಮಾತು ಕೇಳಿ ನನಗೆ ಬಂದ ಸಿಟ್ಟು! ಏನೂ ಇಲ್ಲ ಅಂದರೆ ಏನರ್ಥ? ನಾನು ಬಸ್ಸಿನಲ್ಲಿ ಸಾಯ್ತಾ ಇದ್ದಿದ್ದು ಸುಳ್ಳಾ? ಅವರು ನನ್ನ ಮುಖ ನೋಡಿ, ಒಂದ್ಸಲ ಮನಸ್ಸಿನ ಡಾಕ್ಟರನ್ನು ನೋಡಿ ಅಂತ ಚೀಟಿ ಬರೆದುಕೊಟ್ಟರು. "ನನಗೇನು ಹುಚ್ಚೇನ್ರೀ?" ಅಂತ ಅವರನ್ನು ಕೇಳೋ ಧೈರ್ಯ ಆಗಲಿಲ್ಲ. ಗೇಟಿನ ಹತ್ತಿರ ಬಂದು ನಮ್ಮನೆಯವರನ್ನು ಕೇಳಿದೆ. ಅವರು ಚೀಟಿ ಹರಿದು ಮೋರಿಗೆ ಹಾಕಿ, "ಬಾ, ಎಳನೀರು ಕುಡಿ" ಅಂದರು.

ಆಸ್ಪತ್ರೆಗೆ ಹೋಗಿಬಂದ ಸುದ್ದಿ ಹೆಂಗೋ ಹರಡಿತು. ಸರಿ, ನೋಡಿಕೊಂಡು ಹೋಗೋರು ಬರೋಕೆ ಶುರು. ನಮ್ಮಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ನೆಂಟರು ಬರಲೇಬೇಕು, ಬರದಿದ್ದರೆ ಹತ್ತು ವರ್ಷ ಆಡಿಕೊಳ್ಳುತ್ತಾರೆ. ಊರ್ಡಿಗೆರೆಯಿಂದ ನನ್ನ ತವರಿನವರು ಎಳನೀರು ಗೊನೆ ಹೊತ್ತು ತಂದರು. ಉಳಿದವರು ಬ್ರೆಡ್ಡು, ಬಿಸ್ಕತ್ತು, ಮೂಸಂಬಿ. ಮನೆ ತುಂಬಾ ಬ್ರೆಡ್ಡು, ಬೆಳಗೂ ಬೈಗೂ ಬ್ರೆಡ್ ಉಪ್ಪಿಟ್ಟು ತಿಂದು ನಮ್ಮನೆಯವರ ಮುಖ ಸಪ್ಪಗಾಗಿತ್ತು. ತಂದಿದ್ದು ಹಾಳಾಗಲಿ, ಕೂತು ಆಡುವ ಮಾತಿದೆಯಲ್ಲ! ಒಬ್ಬೊಬ್ಬರ ಹತ್ತಿರವೂ ಒಂದೊಂದು ಸಾವಿನ ಕಥೆ. "ನಮ್ಮ ಭಾವಮೈದುನನಿಗೂ ಹಿಂಗೇ ಕಣಮ್ಮ, ಗ್ಯಾಸು ಅಂತ್ಲೇ ಅಂದ್ಕೊಂಡಿದ್ದ. ಕಾಫಿ ಲೋಟ ಕೆಳಗಿಟ್ಟ, ಅಷ್ಟೇಯ." "ಎಲ್ಲಾ ಟೆಸ್ಟೂ ನಾರ್ಮಲ್ಲು ಅಂದಿದ್ರು, ಮೂರನೇ ದಿನಕ್ಕೆ ಹೊರಟೋದ." ಹೀಗೆ ಧೈರ್ಯ ಹೇಳಿ, ಕಾಫಿ ಕುಡಿದು, ಎದ್ದು ಹೋಗೋರು. ಅವರು ಬಾಗಿಲು ದಾಟುವುದಕ್ಕಿಲ್ಲ, ನನ್ನ ಎದೆ ಶುರು. ನಾನು ಕಾಫಿ ಲೋಟ ಕೆಳಗಿಡೋಕೆ ಹೆದರುತ್ತಿದ್ದೆ. ನಗಬೇಡಿ, ನಿಜವಾಗಿ.

ಆಮೇಲೆ ಪ್ರಪಂಚ ಸಣ್ಣದಾಗುತ್ತಾ ಬಂತು. ಬಸ್ಸು ಬೇಡ ಅಂದೆ, ನಮ್ಮನೆಯವರು ಬೈಕಿನಲ್ಲಿ ಗುಬ್ಬಿಗೆ ಬಿಟ್ಟು ಆಫೀಸಿಗೆ ಓಡೋರು. ಸ್ಕೂಲಿನಲ್ಲಿ ಪ್ರಾರ್ಥನೆಗೆ ಗೇಟಿನ ಪಕ್ಕ ನಿಲ್ಲುತ್ತಿದ್ದೆ. ಸಂತೆಗೆ ಹೋಗೋದು ಬಿಟ್ಟೆ. ಮದುವೆ ಮನೆಗೆ ಹೋದರೆ ಬಾಗಿಲ ಹತ್ತಿರದ ಕುರ್ಚಿಯೇ ಆಗಬೇಕು. ಎಲ್ಲಿ ಹೋದರೂ ಮೊದಲು ಹುಡುಕುತ್ತಿದ್ದುದು ಆಚೆ ಹೋಗುವ ದಾರಿ. ಕಾಯಿಲೆ ಬಂದಾಗ ಪಡುವ ಪಾಡು ಒಂದು. ಎಲ್ಲಿ ಬಂದುಬಿಡುತ್ತೋ ಅಂತ ದಿನವಿಡೀ ಕಾಯೋದಿದೆಯಲ್ಲ, ಅದು ಇನ್ನೂ ದೊಡ್ಡ ಪಾಡು. ಮಕ್ಕಳ ಮೇಲೆ ಸಿಡುಕುತ್ತಿದ್ದೆ, ನಮ್ಮನೆಯವರ ಮೇಲೆ ಹಾರಾಡುತ್ತಿದ್ದೆ. ಮೊದಲೇ ನನ್ನ ಬಾಯಿ ಜೋರು.

ಅಷ್ಟರಲ್ಲಿ ಮಗಳು ಬಸುರಿಯಾದಳು.

ಇದ್ದೊಬ್ಬ ಮಗಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅದು ನಮ್ಮಲ್ಲಿ ಕೇಳೋ ಹೇಳೋ ವಿಷಯವೇ ಅಲ್ಲ. ನಾನು ಹಳೆಯ ಕಾಟನ್ ಸೀರೆ ಒಗೆದು ಮಡಿಸಿಟ್ಟೆ, ಗಾಣದ ಹರಳೆಣ್ಣೆ ತರಿಸಿಟ್ಟೆ. ಮಗಳನ್ನು ಬೆಚ್ಚಗೆ ಮಲಗಿಸಿ, ಮೆಣಸು ಬೆಳ್ಳುಳ್ಳಿ ಸಾರು ಮಾಡಿ ಬಡಿಸಿ, ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರು ಹಾಕಬೇಕು. ನಮ್ಮಮ್ಮ ನನ್ನ ಮಗಳಿಗೆ ಹಾಗೇ ಹಾಕಿದ್ದಳು. ಆ ಒಂದು ವರ್ಷದಲ್ಲಿ ನಾನು ಆಸೆಪಟ್ಟಿದ್ದು ಅದೊಂದೇ.

ಸೀಮಂತ ಕುಣಿಗಲ್ಲಿನಲ್ಲಿ, ಬೀಗರ ಮನೆಯಲ್ಲಿ. ಮಡಿಲು ತುಂಬಿ, ಸಾಯಂಕಾಲ ಮಗಳನ್ನು ಕರೆದುಕೊಂಡು ಬರೋದು ಅಂತ ಮಾತಾಗಿತ್ತು. ನಡುಮನೆಯಲ್ಲಿ ಕಾಲಿಡೋಕೆ ಜಾಗವಿಲ್ಲ. ರೇಷ್ಮೆ ಸೀರೆ, ಮಲ್ಲಿಗೆ ಹೂವು, ಕರ್ಪೂರದ ಹೊಗೆ, ಬಾಗಿಲಿಗೆ ಅಡ್ಡಲಾಗಿ ಹೆಂಗಸರು, ಅವರಾಚೆ ಚಪ್ಪಲಿ ರಾಶಿ. ಹಸಿರು ಬಳೆ ತೊಟ್ಟು ಕೂತಿದ್ದ ಮಗಳಿಗೆ ಆರತಿ ಎತ್ತಬೇಕು. ತಟ್ಟೆ ಕೈಗೆ ಬಂತು, ಬಂದಿದ್ದೇ ತಡ ಎದೆ ಬಡಿಯೋಕೆ ಹತ್ತಿತು. ದೀಪ ಎರಡಾಗಿ ಕಂಡಿತು. ಈಗ ಇಲ್ಲೇ ಬಿದ್ದೆ, ಮಗಳ ಮಡಿಲ ಮೇಲೇ ಬಿದ್ದೆ ಅನ್ನಿಸಿ, ತಟ್ಟೆ ಪಕ್ಕದಲ್ಲಿದ್ದವರ ಕೈಗೆ ತುರುಕಿ, ಹೆಂಗಸರನ್ನು ತಳ್ಳಿಕೊಂಡು ಓಡಿದೆ. ಬರಿಗಾಲಲ್ಲಿ ಬೀದಿ ದಾಟಿ, ಕೆರೆ ಏರಿ ಹತ್ತಿ, ಗಾಳಿಗೆ ಮುಖ ಕೊಟ್ಟು ನಿಂತೆ. ಹಿಂದೆ ಮಗಳು "ಅಮ್ಮಾ" ಅಂದಿದ್ದು ಕೇಳಿಸಿತ್ತು. ಕೇಳಿಸಿಯೂ ಓಡಿದ್ದೆ.

ವಾಪಸು ಬಂದೆ. ಯಾರೋ ಮೂಲೆಯಲ್ಲಿ ಗಾಳಿ ಸೋಕಿರಬೇಕು ಅಂತಿದ್ದರು. ನಮ್ಮನೆಯವರ ಮುಖ ಕೆಂಪಗಾಗಿತ್ತು. ಅವರು ಗಂಟಲು ಸರಿಮಾಡಿಕೊಂಡು, "ಏನಿಲ್ಲ ಬೀಗ್ರೇ, ಅವಳಿಗೆ ಸ್ವಲ್ಪ ಹಾರ್ಟ್ ವೀಕು" ಅಂದುಬಿಟ್ಟರು.

ಹಾರ್ಟು ಅಂದ ಕೂಡಲೇ ನೋಡಬೇಕಿತ್ತು ಮರ್ಯಾದೆ. ಕುರ್ಚಿ ಬಂತು, ಫ್ಯಾನು ನನ್ನ ಕಡೆ ತಿರುಗಿತು, ಮಜ್ಜಿಗೆ ಬಂತು, ಅದರಲ್ಲೂ ಉಪ್ಪಿಲ್ಲದ ಮಜ್ಜಿಗೆ. ಗಾಳಿ ಸೋಕಿದೆ ಅಂದಿದ್ದ ಬಾಯೇ ಪಾಪ ಪಾಪ ಅಂತು. ನಾನೂ ಸುಮ್ಮನೆ ಮಜ್ಜಿಗೆ ಕುಡಿದೆ. ಮಗಳ ಅತ್ತೆ, ನನ್ನ ಬೀಗಿತ್ತಿ, ನೇರ ಮಾತಿನ ಹೆಂಗಸು, ಮನಸ್ಸು ಒಳ್ಳೆಯದು. ನನ್ನ ಭುಜದ ಮೇಲೆ ಕೈಯಿಟ್ಟು, "ಹಾರ್ಟ್ ಪೇಶೆಂಟು ನೀವು. ನಿಮ್ಮ ಕೈಲಿ ಬಾಣಂತನ ಮಾಡ್ಸಿ ನಾನು ಪಾಪ ಕಟ್ಕೊಳ್ಳಲಾ? ಹುಡುಗಿ ಇಲ್ಲೇ ಇರ್ಲಿ ಬುಡಿ. ನಾನು ನೋಡ್ಕೋತೀನಿ" ಅಂದರು. ಏನು ಹೇಳೋದು? ಒಳ್ಳೆಯ ಮನಸ್ಸಿನಿಂದ ಆಡಿದ ಮಾತಿಗೆ ಜಗಳ ತೆಗೆಯೋಕಾಗುತ್ತಾ? ಮಗಳು ತಲೆ ಬಗ್ಗಿಸಿ ಬಳೆ ತಿರುಗಿಸುತ್ತಾ ಕೂತಿದ್ದಳು. ಬಾಡಿಗೆ ಕಾರಿನಲ್ಲಿ ಅವಳಿಗೆ ಅಂತ ದಿಂಬು ಇಟ್ಟು ಹಾಸಿದ್ದ ಸೀಟಿನಲ್ಲಿ ನಾನೇ ಒರಗಿಕೊಂಡು ಬಂದೆ.

ದಾರಿಯಲ್ಲಿ ಹಾರಾಡಿದೆ. "ಯಾಕ್ರೀ ಹಾರ್ಟು ಅಂದ್ರಿ?"

"ಮತ್ತೇನನ್ಬೇಕಿತ್ತು? ಇವಳಿಗೆ ತಲೆ ಸರಿಯಿಲ್ಲ ಅನ್ಬೇಕಿತ್ತಾ? ಹಾರ್ಟು ಅಂದ್ರೆ ಒಂದು ಮರ್ಯಾದೆ ಇರ್ತದೆ ಕಣೇ."

ಅವರ ಕಣ್ಣಲ್ಲಿ ನೀರಿತ್ತು. ಅವರೂ ಹೆದರಿದ್ದರು, ನನಗೆ ಅದು ತಿಳಿದಿರಲಿಲ್ಲ. ಮರ್ಯಾದೆಯ ಕಾಯಿಲೆ ಒಂದನ್ನು ಹುಡುಕಿ ತಂದುಕೊಟ್ಟಿದ್ದರು. ಅದು ನನ್ನ ಮಗಳನ್ನು ಇಟ್ಟುಕೊಂಡುಬಿಟ್ಟಿತು.

ಆ ವಾರವೇ ಮನಸ್ಸಿನ ಡಾಕ್ಟರ ಹತ್ತಿರ ಹೋದೆ. ಮುಖಕ್ಕೆ ಮಾಸ್ಕು, ತಲೆ ತುಂಬಾ ಸೆರಗು. ಯಾರಾದರೂ ನೋಡಿದರೆ? ನೋಡಿಯೇ ಬಿಟ್ಟರು. ಎದುರು ಬೆಂಚಿನಲ್ಲಿ ಕೂತಿದ್ದವರು ನಮ್ಮ ಬಳೆ ಅಂಗಡಿ ಸಾಹೇಬರು. ಸೀಮಂತದ ಹಸಿರು ಬಳೆ ತಂದಿದ್ದು ಅವರ ಅಂಗಡಿಯಿಂದಲೇ. ಅವರು ನನ್ನ ನೋಡಿದರು, ನಾನು ಅವರ ನೋಡಿದೆ, ಇಬ್ಬರೂ ಗೋಡೆಯ ಕ್ಯಾಲೆಂಡರು ಓದೋಕೆ ಶುರು ಮಾಡಿದೆವು. ಹೆಸರು ಕೂಗಿದಾಗ ಎದ್ದು ಹೋಗುತ್ತಾ ಅವರು ಮೆಲ್ಲಗೆ, "ಡಾಕ್ಟರಮ್ಮ ಒಳ್ಳೇವ್ರು ಟೀಚರಮ್ಮ, ಹೆದರ್ಬೇಡಿ" ಅಂದರು. ಮಾಸ್ಕಿನೊಳಗೇ ಅತ್ತುಬಿಟ್ಟೆ.

ಡಾಕ್ಟರು ಸಣ್ಣ ವಯಸ್ಸಿನ ಹುಡುಗಿ. ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬೇಕು. ನಾನು ಬಸ್ಸಿನಿಂದ ಶುರು ಮಾಡಿ ಕೆರೆ ಏರಿ ತನಕ ಎಲ್ಲಾ ಕಕ್ಕಿದೆ. ಅವರು ಮಧ್ಯ ಬಾಯಿ ಹಾಕಲಿಲ್ಲ. ಏನೂ ಇಲ್ಲ ಅಂತಲೂ ಅನ್ನಲಿಲ್ಲ. "ಇದಕ್ಕೆ ಪ್ಯಾನಿಕ್ ಅಂತಾರೆ. ಇದು ಕಾಯಿಲೇನೇ, ನಿಮ್ಮ ನಾಟಕ ಅಲ್ಲ" ಅಂದರು. ಆಮೇಲೆ ಕೇಳಿದರು, "ನಿಮ್ಮ ಮನೇಲಿ ನಾಯಿ ಇದೆಯಾ?"

"ಊರ್ಡಿಗೆರೆಯಲ್ಲಿ ನಮ್ಮ ತಂದೆ ಮನೇಲಿತ್ತು."

"ಕಳ್ಳ ಬಂದ್ರೆ ಬೊಗಳುತ್ತೆ. ಒಂದೊಂದ್ಸಲ ಕಳ್ಳ ಇಲ್ಲದೇನೂ ಬೊಗಳುತ್ತೆ ಅಲ್ವಾ? ಈಗ ನಿಮ್ಮ ಮೈಯಲ್ಲಿ ಆಗ್ತಿರೋದು ಅದು. ಕಳ್ಳ ಇಲ್ಲ, ನಾಯಿ ಬೊಗಳ್ತಿದೆ. ನೀವು ಪ್ರತಿ ಸಲ ಮನೆ ಬಿಟ್ಟು ಓಡ್ತೀರಿ. ಓಡಿದ್ರೆ ನಾಯಿ ಏನಂದ್ಕೊಳ್ಳುತ್ತೆ? ಕಳ್ಳ ಇದ್ದಿದ್ದು ನಿಜ ಅಂತ್ಲೇ."

"ಓಡ್ದೇ ಇದ್ರೆ ಬಿದ್ದುಹೋಗ್ತೀನಿ ಡಾಕ್ಟ್ರೇ."

"ಇಷ್ಟು ಸಲ ಬಂದಿದೆಯಲ್ಲ, ಒಂದ್ಸಲನಾದ್ರೂ ಬಿದ್ದಿದೀರಾ?"

ಯೋಚನೆ ಮಾಡಿದೆ. ಇಲ್ಲ.

"ಕೈಲಿದ್ದಿದ್ದು ಏನಾದ್ರೂ ಕೈಜಾರಿ ಬಿದ್ದಿದೆಯಾ?"

ಊಟದ ಡಬ್ಬಿ ಬಿದ್ದಿರಲಿಲ್ಲ. ಸೀಮೆಸುಣ್ಣ ಬಿದ್ದಿರಲಿಲ್ಲ. ಆರತಿ ತಟ್ಟೆಯಲ್ಲಿದ್ದ ದೀಪ ಕೂಡ ಆರಿರಲಿಲ್ಲ. ಎಂಥಾ ಮಾತು ಕೇಳಿದಳಪ್ಪ ಈ ಹುಡುಗಿ ಅನ್ನಿಸಿತು. ಮಾತ್ರೆ ಬರೆದುಕೊಟ್ಟರು, ಉಸಿರನ್ನು ನಿಧಾನಕ್ಕೆ, ಎಳೆದುಕೊಂಡಿದ್ದಕ್ಕಿಂತ ಉದ್ದಕ್ಕೆ ಬಿಡೋದು ಹೇಳಿಕೊಟ್ಟರು. ಎಲ್ಲಕ್ಕಿಂತ ಕಷ್ಟದ್ದು ಇನ್ನೊಂದಿತ್ತು: ಬಸ್ಸು ಹತ್ತಬೇಕು, ಬಂದರೆ ಇಳಿಯಬಾರದು. ಅದು ಏರುತ್ತೆ, ಏರಿದ್ದು ತಾನಾಗೇ ಇಳಿಯುತ್ತೆ, ಕೂತು ನೋಡಿ ಅಂದರು. ಹೇಳೋದಕ್ಕೇನು, ಅವರು ಕುರ್ಚಿ ಮೇಲೆ ಕೂತಿದ್ದರು.

ಮೊದಲ ದಿನ ಹೆಗ್ಗೆರೆಯಲ್ಲೇ ಇಳಿದುಬಿಟ್ಟೆ. ಇಳಿದು ರೋಡಿನಲ್ಲಿ ನನಗೆ ನಾನೇ ಬೈದುಕೊಂಡೆ, ಥೂ ಮೂದೇವಿ ಅಂತ. ಇನ್ನೊಂದು ದಿನ ಗುಬ್ಬಿ ತನಕ ಕೂತೆ, ಆದರೆ ಕಣ್ಣು ಮುಚ್ಚಿ, ಮುಂದಿನ ಸೀಟು ಹಿಡಿದು, ದೇವರನ್ನೆಲ್ಲಾ ಕರೆದುಕೊಂಡು. ಅದಕ್ಕೂ ಡಾಕ್ಟರು ಶಭಾಷ್ ಅಂದರು. ಒಂದು ವಾರ ಚೆನ್ನಾಗಿರೋದು, ಮುಂದಿನ ವಾರ ಮತ್ತೆ ಬಾಗಿಲ ಹತ್ತಿರ ನಿಲ್ಲೋದು. ಮಗಳಿಗೆ ದಿನ ತುಂಬುತ್ತಾ ಬರುತ್ತಿತ್ತು. ಫೋನಿನಲ್ಲಿ ಊಟ ಆಯ್ತಾ, ನಿದ್ದೆ ಬಂತಾ ಅನ್ನೋದು ಬಿಟ್ಟು ಬೇರೆ ಮಾತಿಲ್ಲ. ಅವಳಿಗೂ ನಾನು ಹಾರ್ಟ್ ಪೇಶೆಂಟೇ.

ಒಂದು ಭಾನುವಾರ ಬೆಳಿಗ್ಗೆ ಒಬ್ಬಳೇ ಕುಣಿಗಲ್ ಬಸ್ಸು ಹತ್ತಿದೆ. ನಮ್ಮನೆಯವರು ಬರ್ತೀನಿ ಅಂದರು, ಬೇಡ ಅಂದೆ. ಹೆಬ್ಬೂರು ದಾಟಿದ ಮೇಲೆ ಬಂತು. ಬರುತ್ತೆ ಅಂತ ಗೊತ್ತಿತ್ತು, ಗೊತ್ತಿದ್ದರೂ ಏನೂ ಕಡಿಮೆಯಾಗಲಿಲ್ಲ. ಅದೇ ಬಡಿತ, ಅದೇ ಜೋಮು, ಅದೇ ಸತ್ತೆ ಅನ್ನೋದು. ಉಸಿರು ಬಿಡುತ್ತಾ ಕೂತೆ. ಪಕ್ಕದಲ್ಲಿದ್ದ ಹೆಂಗಸು ಬ್ಯಾಗಿನಿಂದ ನಿಂಬೆಹಣ್ಣು ತೆಗೆದು, "ಗ್ಯಾಸಾ ಅಕ್ಕಾ?" ಅಂದಳು.

"ಅಲ್ಲ ಕಣಮ್ಮ. ಭಯ" ಅಂದೆ.

ಯಾತಕ್ಕೆ ಅಂತ ಅವಳು ಕೇಳಿದಳು. ಯಾತಕ್ಕೂ ಇಲ್ಲ, ಸುಮ್ಮನೆ ಭಯ ಅಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ನಿಂಬೆಹಣ್ಣು ನನ್ನ ಕೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿದಳು. ಆ ಮುಷ್ಟಿ ಬಿಚ್ಚದೆ ಕೂತೆ. ಇಳಿದಿದ್ದು ಕುಣಿಗಲ್ಲಿನಲ್ಲೇ.

ಬೀಗಿತ್ತಿ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನೂ ಮೊರದ ಆಚೆ ಕಡೆ ಕೂತು ಸುಲಿಯೋಕೆ ಹತ್ತಿದೆ. ಕೈಗೆ ಕೆಲಸವಿದ್ದರೆ ಬಾಯಿಗೆ ಧೈರ್ಯ. "ಬೀಗ್ರೇ, ನನ್ನ ಹಾರ್ಟಿಗೆ ಏನೂ ಆಗಿಲ್ಲ. ನಮ್ಮನೆಯವರು ಸುಳ್ಳು ಹೇಳಿದ್ರು. ನನಗಿರೋದು ಮನಸ್ಸಿನ ಕಾಯಿಲೆ. ಇದ್ದಕ್ಕಿದ್ದಂಗೆ ಭಯ ಬರುತ್ತೆ. ಡಾಕ್ಟರತ್ರ ಹೋಗ್ತಿದೀನಿ, ಮಾತ್ರೆ ತಗೋತಿದೀನಿ" ಅಂತ ಒಂದೇ ಉಸಿರಿಗೆ ಹೇಳಿದೆ.

ಅವರ ಕೈ ನಿಂತಿತು. "ಹಂಗಾದ್ರೆ ಹಾರ್ಟ್ ಚೆನ್ನಾಗಿದೆಯಾ?"

"ಕಲ್ಲುಗುಂಡಿನಂಗಿದೆ."

"ಅಲ್ರೀ, ನಿಮ್ಮ ಹಾರ್ಟಿಗೇಂತ ನಾನು ದೇವರಾಯನದುರ್ಗಕ್ಕೆ ಹರಕೆ ಹೊತ್ಕೊಂಡು ಕೂತಿದೀನಲ್ರೀ! ಬೆಟ್ಟ ಹತ್ಬೇಕು ಈಗ ನಾನು, ಈ ಮಂಡಿ ಇಟ್ಕೊಂಡು!"

ಇಬ್ಬರಿಗೂ ನಗು ಬಂತು, ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕೆವು. ಆಮೇಲೆ ಅವರು ನಗು ನಿಲ್ಲಿಸಿ, ಮೊರ ಪಕ್ಕಕ್ಕೆ ಸರಿಸಿ ಕೇಳಿದರು. "ಸರಿ, ಒಂದ್ ಮಾತು ಹೇಳಿ. ಮಗುನ ಎತ್ಕೊಂಡಿರುವಾಗ ಬಂದ್ರೆ?"

ಆ ಪ್ರಶ್ನೆ ನಾನೇ ದಿನಾ ಕೇಳಿಕೊಳ್ಳುತ್ತಿದ್ದೆ. ತಲೆ ಎತ್ತಿ ನೋಡಿದರೆ ರೂಮಿನ ಬಾಗಿಲಲ್ಲಿ ಮಗಳು ನಿಂತಿದ್ದಳು, ಸೊಂಟದ ಮೇಲೆ ಕೈಯಿಟ್ಟುಕೊಂಡು. ಎಲ್ಲಾ ಕೇಳಿಸಿಕೊಂಡಿದ್ದಳು.

"ನನಗ್ಯಾಕೆ ಹೇಳ್ಲಿಲ್ಲಮ್ಮ? ಅವತ್ತು ಅಷ್ಟು ಜನರ ಮುಂದೆ ನನ್ನ ಬಿಟ್ಟು ಓಡೋದ್ಯಲ್ಲ, ನಾನೇನು ತಪ್ಪು ಮಾಡ್ದೆ ಅಂತ ಇಷ್ಟು ದಿನ ಅಂದ್ಕೊಂಡಿದೀನಿ ಗೊತ್ತಾ?" ಅಂದಳು. ಅವಳು ಅತ್ತಳು, ನಾನೂ ಅತ್ತೆ, ಬೀಗಿತ್ತಿ ನೀರು ತಂದುಕೊಟ್ಟರು. ಕೊನೆಗೆ ಮಗಳು ಕಣ್ಣೊರೆಸಿಕೊಂಡು ಹೇಳಿದಳು, "ನಾನು ಬರ್ತೀನಿ ತವರಿಗೆ. ಆದ್ರೆ ಮಗೂಗೆ ನೀರು ಹಾಕೋದು ಬೇರೆಯವ್ರು. ನೀನು ಬೇಡ. ಬೇಜಾರ್ ಮಾಡ್ಕೋಬೇಡ."

ಬೇಜಾರಾಗದೆ ಇರುತ್ತಾ? ಆದರೆ ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಹೂಂ ಕಣೇ ಅಂದೆ.

ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ತುಮಕೂರಿನ ನಮ್ಮ ಮನೆಗೆ ಬಂದರು. ಪಕ್ಕದ ಬೀದಿಯಿಂದ ಒಬ್ಬ ಅಜ್ಜಿ ಬಂದು ಮಗುವಿಗೆ ನೀರು ಹಾಕುತ್ತಿದ್ದರು. ಬಚ್ಚಲಿನಲ್ಲಿ ಮಣೆ ಮೇಲೆ ಕೂತು, ಎರಡೂ ಕಾಲು ನೀಡಿ, ಕಾಲ ಮೇಲೆ ಮಗುವನ್ನು ಬೋರಲು ಮಲಗಿಸಿಕೊಂಡು, ಬಿಸಿ ಬಿಸಿ ನೀರು. ಶೀತ ಆಗುತ್ತೆ ಅಂತ ಬಾಗಿಲು ಭದ್ರ, ಕಿಟಕಿ ಸಂದಿಗೂ ಬಟ್ಟೆ. ಒಳಗೆಲ್ಲಾ ಹಬೆ. ನಾನು ಆಚೆ ಟವಲ್ಲು ಹಿಡಿದು ನಿಲ್ಲುತ್ತಿದ್ದೆ. ನನ್ನ ಮನೆಯಲ್ಲಿ, ನನ್ನ ಬಚ್ಚಲಿನ ಆಚೆ, ನೆಂಟರ ಹಾಗೆ. ಮಗು ಅತ್ತರೆ ನನ್ನ ಕೈ ತಾನಾಗಿ ಬಾಗಿಲ ಚಿಲಕಕ್ಕೆ ಹೋಗೋದು, ಮತ್ತೆ ಹಿಂದಕ್ಕೆ ತಗೊಳ್ಳೋದು. ಮಗುವಿಗೆ ಕರಿಬಳೆ ತರೋಕೆ ಹೋದಾಗ ಬಳೆ ಅಂಗಡಿ ಸಾಹೇಬರು, "ಹೆಂಗಿದೀರಾ ಟೀಚರಮ್ಮ?" ಅಂದರು. "ಪರವಾಗಿಲ್ಲ. ನೀವು?" ಅಂದೆ. "ಹಿಂಗೇ, ಒಂದಿನ ಹಂಗೆ ಒಂದಿನ ಹಿಂಗೆ" ಅಂದರು. ನನ್ನದೂ ಅದೇ ಆಗಿತ್ತು.

ಒಂದು ಬೆಳಿಗ್ಗೆ ಅಜ್ಜಿಗೆ ಜ್ವರ, ಬರಲಿಲ್ಲ. ಮಗಳು, "ಇವತ್ತು ಬಟ್ಟೇಲಿ ಒರೆಸಿದ್ರಾಯ್ತು ಬಿಡು" ಅಂದಳು. ಮಗುವಿಗೆ ಆಗಲೇ ಎಣ್ಣೆ ಹಚ್ಚಾಗಿತ್ತು, ಎಣ್ಣೆ ಮೈಯಲ್ಲಿ ಕಿರುಚುತ್ತಿತ್ತು. "ನಾನು ಹಾಕ್ತೀನಿ ಕಣೇ" ಅಂದೆ. ನಾನು ಸೀರೆ ಎತ್ತಿ ಕಟ್ಟಿ ಮಣೆ ಮೇಲೆ ಕೂತು ಕಾಲು ನೀಡಿದೆ. ಅವಳು ಮಗುವನ್ನು ತಂದು ನನ್ನ ಕಾಲ ಮೇಲೆ ಮಲಗಿಸಿ, "ಬಾಗಿಲು ತೆಗೆದಿರ್ಲಿ. ಶೀತ ಆದ್ರೆ ಆಗ್ಲಿ" ಅಂತ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು ಕಟ್ಟಿಕೊಂಡು ಬಾಗಿಲಲ್ಲೇ ಟವಲ್ಲು ಹಿಡಿದು ನಿಂತಳು.

ಬೆನ್ನಿಗೆ ಕಡಲೆಹಿಟ್ಟು ಹಚ್ಚಿದೆ. ಎರಡು ಚೊಂಬು ನೀರು ಹಾಕಿದೆ. ಮಗು ಅಳು ನಿಲ್ಲಿಸಿ ಸುಮ್ಮನಾಯಿತು. ಆಗ ಬಂತು.

ಹಬೆಗೋ, ಬಿಸಿಗೋ, ಯಾತಕ್ಕೋ. ಎದೆ ಬಡಿಯೋಕೆ ಶುರುವಾಯಿತು, ಬೆರಳು ಜೋಮು. ಏಳೋ ಹಾಗಿಲ್ಲ, ಕಾಲ ಮೇಲೆ ಮಗು ಇದೆ. ಓಡೋ ಹಾಗಿಲ್ಲ. ಚೊಂಬು ಕೆಳಗಿಟ್ಟು, ಒಂದು ಕೈ ಮಗುವಿನ ಬೆನ್ನ ಮೇಲೆ, ಒಂದು ಕೈ ಅದರ ಕುಂಡೆಯ ಮೇಲೆ ಊರಿದೆ. ನಾನು ನೀರು ಹಾಕೋದು ನಿಲ್ಲಿಸಿದ್ದು ಮಗಳಿಗೆ ಕಾಣಿಸಿತು.

"ಅಮ್ಮ. ಬಂತಾ?"

"ಬಂದಿದೆ."

ಅವಳು ಒಂದು ಹೆಜ್ಜೆ ಒಳಗಿಟ್ಟಳು. "ಮಗು ಕೊಡು."

ಕೊಡಬಹುದಿತ್ತು. ಅವಳ ಮಗು, ಕೇಳಿದರೆ ಕೊಡಲೇಬೇಕಿತ್ತು. ಆದರೆ ಇವತ್ತು ಕೊಟ್ಟರೆ ಇನ್ನು ಯಾವತ್ತೂ ನನ್ನ ಕಾಲ ಮೇಲೆ ಬರಲ್ಲ ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. "ನಿನಗೆ ತಗೋಬೇಕು ಅನ್ನಿಸಿದ್ರೆ ತಗೋ, ನಾನು ಬೇಡ ಅನ್ನಲ್ಲ" ಅಂದೆ. "ಆದ್ರೆ ನನ್ನ ಕೈಲಿದ್ದಿದ್ದು ಇವತ್ತಿನ ತನಕ ಒಂದೂ ಬಿದ್ದಿಲ್ಲ ಕಣೇ. ಸ್ವಲ್ಪ ಹೊತ್ತಿರುತ್ತೆ. ಹೋಗುತ್ತೆ."

ಅವಳು ನನ್ನ ಮುಖ ನೋಡಿದಳು. ಮಗುವನ್ನು ನೋಡಿದಳು. ಕೈ ಚಾಚಲೂ ಇಲ್ಲ, ಹಿಂದಕ್ಕೆ ಹೋಗಲೂ ಇಲ್ಲ. ಒದ್ದೆ ನೆಲದ ಮೇಲೆ, ಬಾಣಂತಿ, ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ನಾನು ಉಸಿರು ಬಿಡುತ್ತಾ ಇದ್ದೆ. ಏರಿತು, ಏರಿತು, ಇನ್ನೂ ಏರಿತು. ಸತ್ತೆ ಅನ್ನಿಸಿತು. ನನ್ನ ಅಂಗೈ ಕೆಳಗೆ ಮಗುವಿನ ಬೆನ್ನು ಸಣ್ಣಗೆ ಏರುತ್ತಾ ಇಳಿಯುತ್ತಾ ಇತ್ತು, ಅದಕ್ಕೆ ಏನೂ ಗೊತ್ತಿರಲಿಲ್ಲ. ಎಷ್ಟು ಹೊತ್ತಾಯಿತೋ ಕಾಣೆ. ಮೆಲ್ಲಗೆ ಬೆರಳಿಗೆ ಜೀವ ಬಂತು. ಎದೆಯ ಬಡಿತ ಹಿಂದಕ್ಕೆ ಸರಿಯಿತು.

ನೆಲದ ಮೇಲಿದ್ದ ಚೊಂಬನ್ನು ಮಗಳೇ ಎತ್ತಿ, ನೀರು ತುಂಬಿ, ನನ್ನ ಕೈಗೆ ಕೊಟ್ಟಳು. ಹಾಕಿದೆ. ಮಗುವನ್ನು ತಿರುಗಿಸಿ ಮುಖಕ್ಕೆ ಕೈಯಡ್ಡ ಇಟ್ಟು ತಲೆಗೆ ಹಾಕಿದೆ. ಅವಳು ಟವಲ್ಲು ಚಾಚಿದಳು, ಸುತ್ತಿ ಕೊಟ್ಟೆ. ನಾನು ಮಣೆ ಮೇಲೇ ಕೂತಿದ್ದೆ. ಬಾಗಿಲು ದಾಟುತ್ತಾ ಅವಳು ತಿರುಗಿ ನೋಡಿದಳು.

"ನಾಳೆ ನೀರು ಇನ್ನೊಂಚೂರು ತಣ್ಣಗಿರ್ಲಿ ಅಮ್ಮ" ಅಂದಳು. "ಕೆಂಪಗಾಗೋಗಿದಾಳೆ ನೋಡು."